ಹದಿನಾಲ್ಕು ಮೊಳೆಯ ಹಲಗೆ

ಕ್ಯಾಸಂಬಳ್ಳಿ,
ಶುಕ್ರವಾರ, 22-4-1988

ಪ್ರೀತಿಯ ಮೊಮ್ಮಗಳು ಕದಿರಮ್ಮನಿಗೆ,

ನಿನ್ನ ಅಜ್ಜಿಯ ಆಶೀರ್ವಾದ. ಹೇಗಿದ್ದೀಯ ತಾಯಿ? ಹೋದ ಸಲ ಬಂದಾಗ ಕೆಮ್ಮುತ್ತಿದ್ದೆಯಲ್ಲ, ಕಡಿಮೆಯಾಯಿತೋ ಇಲ್ಲವೋ? ಮೆಣಸು, ಶುಂಠಿ ಕುಟ್ಟಿ ಡಬ್ಬಿಗೆ ಹಾಕಿ ಕೊಟ್ಟಿದ್ದೆ. ಅದರ ಮುಚ್ಚಳವನ್ನೂ ನೀನು ತೆಗೆದಿರುವುದಿಲ್ಲ, ನನಗೆ ಗೊತ್ತು. ಊರ ಮಕ್ಕಳನ್ನೆಲ್ಲ ಊಟ ಆಯಿತಾ ಎಂದು ಕೇಳುವವಳು ತಾನು ಮಾತ್ರ ಬನ್ನು, ಟೀಯಲ್ಲಿ ದಿನ ನೂಕುತ್ತಾಳೆ. ನೀನು ಎದುರಿಗಿದ್ದಿದ್ದರೆ ತಲೆಗೆ ಎಣ್ಣೆ ಒತ್ತುವ ನೆಪದಲ್ಲಿ ನಾಲ್ಕು ಗುದ್ದಿರುತ್ತಿದ್ದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಾಗದವನ್ನು ಆ ಹುಡುಗಿಯರ ಮನೆಯಲ್ಲಿ ಕೂತು ಓದಬೇಡ. ಜನ ಓಡಾಡುವ ಕಡೆ, ಯಾವುದಾದರೂ ಗುಡಿಯ ಕಟ್ಟೆಯ ಮೇಲೆ ಕೂತು ಓದು. ಓದಿದ ಮೇಲೆ ರವಿಕೆಯೊಳಗೆ ಇಟ್ಟುಕೋ, ಚೀಲದಲ್ಲಿ ಇಡಬೇಡ. ಇದನ್ನು ಅಂಚೆಗೆ ಹಾಕುವುದಿಲ್ಲ. ನಿನಗೆ ಬರುವ ಟಪಾಲನ್ನು ಅಲ್ಲಿ ಮೊದಲು ಯಾರು ತೆಗೆದುಕೊಳ್ಳುತ್ತಾರೆ ಎಂದು ನೀನೇ ಒಂದು ಸಲ ಬರೆದಿದ್ದೆ. ಯಾರ ಕೈಯಲ್ಲಿ ಕಳಿಸುವುದು ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಇಲ್ಲಿ ನಾವು ಇದ್ದೇವೆ. ಎಮ್ಮೆ ಕರು ಹಾಕಿದೆ, ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕೆ. ನಿಮ್ಮಪ್ಪ ಎಂದಿನಂತೆ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಉರಿಗಾಂ ಗಣಿ ಕೆಲಸಗಾರರ ಲೈನ್ ಮನೆಗಳಿಗೆ ಹಾಕಿ ಬರುತ್ತಾನೆ. ಎಂದಿನಂತೆ ಜಗಲಿಯ ಮೇಲೆಯೇ ಮಲಗುತ್ತಾನೆ. ಸೋಮವಾರ ಗಣಿಯ ಕೆಳಗೆ ಎಲ್ಲೋ ಬಂಡೆ ಸಿಡಿಯಿತಂತೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಇಲ್ಲಿಯವರೆಗೂ ನೆಲ ಅದುರಿ ಗೂಡಿನಲ್ಲಿದ್ದ ಎರಡು ತಟ್ಟೆ ಬಿದ್ದವು. ಒಲೆಯ ಮುಂದೆ ಕೂತಿದ್ದ ನಿಮ್ಮಪ್ಪ ಹಾಗೇ ಕಲ್ಲಾದ. ಹಾಲು ಉಕ್ಕಿ ಒಲೆ ಆರಿಹೋದರೂ ಅವನಿಗೆ ಗೊತ್ತಾಗಲಿಲ್ಲ. ಅಪ್ಪ ಯಾಕೆ ಹೀಗೆ, ಚಳಿಗಾಲದಲ್ಲೂ ಯಾಕೆ ಒಳಗೆ ಮಲಗುವುದಿಲ್ಲ, ಬಾಗಿಲು ಹಾಕಿದರೆ ಯಾಕೆ ಎದ್ದು ಕೂರುತ್ತಾನೆ ಎಂದು ಚಿಕ್ಕವಳಿದ್ದಾಗಿನಿಂದ ನನ್ನ ತಲೆ ತಿನ್ನುತ್ತಿದ್ದೆ. ನಾನು ಪ್ರತಿ ಸಲವೂ ಏನೋ ಒಂದು ಸುಳ್ಳು ಹೇಳಿದೆ. ಇವತ್ತು ನಿಜ ಹೇಳಬೇಕಾಗಿದೆ. ಅದಕ್ಕೇ ಎಮ್ಮೆ, ಕರು ಎಂದು ಸುತ್ತಿ ಬಳಸಿ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಆ ಮನೆಗಾಗಿ ಪಟ್ಟ ಪಾಡು ನನಗೆ ಗೊತ್ತು. ಸಿಟಿ ಸ್ಟೇಷನ್ನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಗೋಣಿ ಹೊದ್ದು ಮಲಗುವ ಹೆಣ್ಣುಮಕ್ಕಳನ್ನು ನಿಮ್ಮ ಸಂಘದವರು ಕರೆತರುತ್ತೀರಿ, ಸರಿ. ಕರೆತಂದು ಎಲ್ಲಿಡುವುದು? ಮನೆ ಕೇಳಲು ಹೋದರೆ ಅಪ್ಪ ಯಾರು, ಜಾತಿ ಯಾವುದು, ಇಷ್ಟು ದಿನ ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ ಬಾಗಿಲು ಹಾಕುತ್ತಾರೆ ಎಂದು ಬರೆದಿದ್ದೆ. ಚಪ್ಪಲಿ ಸವೆಯಿತು, ಮನೆ ಸಿಗಲಿಲ್ಲ ಎಂದು ಅತ್ತಿದ್ದೆ. ಆಮೇಲೆ ದೀಪಾವಳಿ ಕಳೆದ ಮೇಲೆ ಬಂದ ಕಾಗದದ ತುಂಬ ಆ ವೆಂಕಟೇಶಪ್ಪನೇ. ತಾನಾಗಿ ಬಂದು ಮಹಡಿ ಬಿಟ್ಟುಕೊಟ್ಟ, ತಾನೇ ಕೆಳಗಿದ್ದು ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ ಎಂದ, ದೇವರಂಥ ಮನುಷ್ಯ ಎಂದೆಲ್ಲ ಬರೆದೆ. ಸಂಕ್ರಾಂತಿಗೆ ಅವನನ್ನು ಇಲ್ಲಿಗೂ ಕರೆತಂದೆ. ನನ್ನ ಕೈಯ ಅವರೆಕಾಳು ಸಾರನ್ನು ಮೂರು ಸಲ ಬಡಿಸಿಕೊಂಡು ಉಂಡು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಒಳ್ಳೇ ಮನುಷ್ಯ ಕಣೇ ಎಂದು ನಾನೂ ಅಂದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಇಡೀ ಊರಿಗೆ ಬುದ್ಧಿ ಹೇಳುವ ಹಾಲಿನವಳು ನಾನು, ನನ್ನ ಮನೆಯ ಜಗಲಿಯಲ್ಲೇ ಮೋಸ ಹೋದೆ. ತಪ್ಪೆಲ್ಲ ನಿನ್ನದೇ ಎಂದು ನಾನು ಹೇಳುತ್ತಿಲ್ಲ.

ಅವನಿಗಿಂತ ನನಗೆ ಆ ಹಲಗೆಯ ಮೇಲೆ ಕೋಪ. ತಾತನ ಗಣಿಯ ಬಿಲ್ಲೆ ಮನೆಯ ಕಥೆಯನ್ನು ನಾನೇ ಅಲ್ಲವೇ ನಿನಗೆ ಹೇಳಿದ್ದು? ಒಬ್ಬೊಬ್ಬನಿಗೂ ನಂಬರು ಹೊಡೆದ ಒಂದೊಂದು ಹಿತ್ತಾಳೆ ಬಿಲ್ಲೆ. ಕೆಳಗೆ ಇಳಿಯುವಾಗ ಹಲಗೆಯ ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಮತ್ತೆ ಅದೇ ಮೊಳೆಗೆ ಸೇರಬೇಕು. ಪಾಳಿ ಮುಗಿದಾಗ ಯಾವ ಮೊಳೆ ಖಾಲಿಯೋ ಅವನು ಇನ್ನೂ ನೆಲದೊಳಗಿದ್ದಾನೆ ಎಂದು ಅರ್ಥ, ಹುಡುಕಲು ಜನ ಇಳಿಯುತ್ತಾರೆ. ಈ ಕಥೆ ಕೇಳಿದ ನೀನು ಆ ಮನೆಯ ಬಾಗಿಲ ಬಳಿ ಹದಿನಾಲ್ಕು ಮೊಳೆಯ ಹಲಗೆ ಹೊಡೆಸಿದೆ. ಹುಡುಗಿಯರು ಕೆಲಸಕ್ಕೆ ಹೋಗುವಾಗ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದ ಮೇಲೆ ಹಾಕಬೇಕು, ರಾತ್ರಿ ಎಂಟಕ್ಕೆ ನೀನು ಬಂದು ಹಲಗೆ ನೋಡಬೇಕು. ಓದಿ ನನಗೂ ಹೆಮ್ಮೆಯಾಯಿತು. ಆದರೆ ಶಿವರಾತ್ರಿ ಹೊತ್ತಿಗೆ ನೀನು ಇನ್ನೊಂದು ಮಾತು ಬರೆದೆ. ಹುಡುಗಿಯರು ಬಿಲ್ಲೆ ಕಳೆದುಬಿಡುತ್ತಾರೆ, ಅದಕ್ಕೆ ವೆಂಕಟೇಶಪ್ಪಣ್ಣನೇ ಎಲ್ಲವನ್ನೂ ಇಟ್ಟುಕೊಂಡು ಅವರು ಬಂದ ಹಾಗೆಲ್ಲ ಹಾಕುತ್ತಾನೆ ಎಂದೆ. ಆ ಸಾಲನ್ನು ಎರಡು ಸಲ ಓದಿದೆ. ಬೇಡ ಎಂದು ಆಗಲೇ ಬರೆಯಬೇಕಿತ್ತು. ಬರೆದರೆ ಯಾಕೆ ಎಂದು ನೀನು ಕೇಳುತ್ತೀಯ, ಕೇಳಿದರೆ ಎಲ್ಲ ಹೇಳಬೇಕಾಗುತ್ತದೆ ಎಂದು ಸುಮ್ಮನಾದೆ.

ಮಂಗಳವಾರ ಮಧ್ಯಾಹ್ನ ಬಂಗಾರಪೇಟೆ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಒಬ್ಬಳು ಹುಡುಗಿ ಬಾಗಿಲಲ್ಲಿ ನಿಂತಳು. ಒಂದು ಕಾಲಿಗೆ ಒಂದು ಬಗೆಯ ಚಪ್ಪಲಿ, ಇನ್ನೊಂದು ಕಾಲಿಗೆ ಇನ್ನೊಂದು. "ಕದಿರಕ್ಕನ ಅಜ್ಜಿ ಮನೆ ಇದೇನಾ? ಬೇವಿನ ಮರದ ಕೆಳಗೆ ಎಮ್ಮೆ ಕಟ್ಟಿರ್ತದೆ ಅಂತ ಅಕ್ಕ ಏಳಿತ್ತು" ಅಂದಳು. ನಿನ್ನ ಮುತ್ಯಾಲಮ್ಮ, ಮುಳಬಾಗಿಲು ಕಡೆಯವಳು, ಒಂಬತ್ತನೇ ನಂಬರಿನವಳು. ಎರಡು ಚೊಂಬು ನೀರು ಕುಡಿದು, ಮುದ್ದೆ ನುಂಗಿ, ಆಮೇಲೆ ಹೇಳತೊಡಗಿದಳು. ಹದಿನೈದು ದಿನದ ಹಿಂದೆ ನಾಲ್ಕನೇ ನಂಬರಿನವಳನ್ನೂ ಹನ್ನೊಂದನೇ ನಂಬರಿನವಳನ್ನೂ ಅವನು ಒಳ್ಳೇ ಸೀರೆ ಉಡಿಸಿ, ಯಾವುದೋ ದೊಡ್ಡ ಮನೆಯಲ್ಲಿ ಕೆಲಸವಿದೆ ಎಂದು ಸಂಜೆ ಕಾರಿನಲ್ಲಿ ಕಳಿಸಿದನಂತೆ. ಅವರು ವಾಪಸು ಬಂದಿಲ್ಲ. ಅವರ ಚಾಪೆಗಳು ಸುತ್ತಿಟ್ಟ ಹಾಗೇ ಇವೆ. "ಬಿಲ್ಲೆ ನಮ್ ಕೈಗೆ ಬರಾದೇ ಇಲ್ಲ ಅಜ್ಜಿ. ಎಲ್ಲಾ ಅವನ ಜೋಬಲ್ಲೇ ಇರ್ತವೆ. ಅಕ್ಕ ಬರೋಕ್ ಮುಂಚೆ ಅಷ್ಟೂ ತಗಲಾಕ್ತಾನೆ. ಅಕ್ಕ ಬಂದ್ರೆ ಉಡುಗೀರು ಸುಸ್ತಾಗಿ ಮಲಗವ್ರೆ, ಎಬ್ಬಿಸ್ಬ್ಯಾಡ ಅಂತಾನೆ" ಎಂದಳು. ನೀನು ಹಲಗೆ ನೋಡುತ್ತೀಯ, ತುಂಬಿರುತ್ತದೆ, ಹೊರಟುಬಿಡುತ್ತೀಯ. ಈ ಎರಡು ಭಾನುವಾರವೂ ಇನ್ನೊಂದು ಮನೆ ಹುಡುಕುತ್ತ ಅಲೆದೆ, ಹುಡುಗಿಯರ ಜೊತೆ ಕೂರಲು ಆಗಲಿಲ್ಲ ಎಂದು ನೀನೇ ಬರೆದಿದ್ದೀಯ. ಯಾಕಮ್ಮ ನೀವಾದರೂ ಅಕ್ಕನಿಗೆ ಹೇಳಲಿಲ್ಲ ಎಂದರೆ, "ಏಳಿದ್ರೆ ಈ ಮನೇನೂ ಓಯ್ತದೆ, ತಿರ್ಗಾ ಸ್ಟೇಷನ್ನೇ ಗತಿ ಅಂದ" ಎನ್ನುತ್ತಾಳೆ. ಮಂಗಳವಾರ ಸಂಜೆಗೆ ರೆಡಿಯಾಗು ಎಂದು ಅವಳಿಗೂ ಸೀರೆ ಕೊಟ್ಟಿದ್ದನಂತೆ. ಬೆಳಿಗ್ಗೆ ನೀರು ತರಲು ಹೋದವಳು ಕೊಡವನ್ನು ನಲ್ಲಿಯ ಹತ್ತಿರ ಬಿಟ್ಟು ಓಡಿದ್ದಾಳೆ.

ನಾನು ನಂಬಿದೆನೇ ಎಂದು ಕೇಳು. ಪೂರ್ತಿ ನಂಬಲಿಲ್ಲ. ಬೀದಿಯಲ್ಲಿ ಬೆಳೆದ ಹುಡುಗಿ, ಏನೋ ಕದ್ದು ಓಡಿಬಂದು ಕಥೆ ಕಟ್ಟುತ್ತಿದ್ದಾಳೋ ಎಂದು ಅನುಮಾನಪಟ್ಟೆ. ಮನೆ ಕೊಡದೆ ಬಾಗಿಲು ಹಾಕಿದವರನ್ನು ನೀನು ಬೈದಿದ್ದೆಯಲ್ಲ, ನಾನೂ ಅವರಿಗಿಂತ ಮೇಲಲ್ಲ. ನಿನಗೆ ಬರೆದು ಕೇಳೋಣ ಎಂದುಕೊಳ್ಳುವಷ್ಟರಲ್ಲಿ ನಿನ್ನೆ, ಗುರುವಾರ, ಅವನೇ ಬಂದ.

ಕಾರಿನಲ್ಲಿ ಬಂದ. ಇನ್ನೊಬ್ಬ ಕಾರಿನೊಳಗೇ ಕೂತಿದ್ದ, ಇಳಿಯಲಿಲ್ಲ, ಇಂಜಿನ್ನನ್ನೂ ನಿಲ್ಲಿಸಲಿಲ್ಲ. ನನಗೆ ಹೂವು, ಬಾಳೆಹಣ್ಣು ತಂದಿದ್ದ. "ನಿಮ್ ಅವರೆಕಾಳ್ ಸಾರು ಇನ್ನೂ ನಾಲಿಗೆ ಮ್ಯಾಲೇ ಐತೆ ಅಜ್ಜಿ" ಎಂದು ಜಗಲಿಯ ಮೇಲೆ ಕಾಲು ಚಾಚಿ ಕೂತ. ಹುಡುಗಿ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಇದ್ದಳು. "ಉಡುಗಿ ಒಬ್ಳು ತಲೆ ಕೆಟ್ಟು ಓಡ್ಬಂದವಳೆ. ಕದಿರಮ್ಮನೇ ಕಳಿಸಿದ್ಲು, ಅಣ್ಣಾ ನಮ್ಮಜ್ಜಿ ಹತ್ರ ಓಗಿರ್ಬೌದು, ಕರ್ಕೊಂಬಾ ಅಂದ್ಲು" ಎಂದ. ಬಾಯಿ ಮಾತಾಡುತ್ತಿತ್ತು, ಕಣ್ಣು ಬಾಗಿಲ ಪಕ್ಕ ಬಿದ್ದಿದ್ದ ಆ ಜೋಡಿಯಲ್ಲದ ಚಪ್ಪಲಿಗಳ ಮೇಲಿತ್ತು. ಈ ಚಪ್ಪಲಿ ಯಾರದು ಅಜ್ಜಿ ಎಂದ. ಕೂಲಿಯವಳದು ಎಂದೆ. ನಕ್ಕ. ನೀರು ಕುಡಿದು ಚೊಂಬನ್ನು ಮೆಲ್ಲಗೆ ಕೆಳಗಿಟ್ಟು, "ಇರ್ಲಿ ಬಿಡಿ, ಶನಿವಾರ ಸಂಜೆ ತಿರ್ಗಾ ಬತ್ತೀನಿ. ಅಷ್ಟೊತ್ಗೆ ಬಂದಿರ್ತಾಳೆ" ಎಂದು ಎದ್ದ. ಹೋಗುವಾಗ ಕರುವಿನ ಹಣೆ ಸವರಿ ಹೋದ. ನಿನ್ನ ಮುಂದೆ ಮುಚ್ಚಿಡುವುದೇನು, ನೀನೇ ಕಳಿಸಿದ್ದೀಯ ಎಂದ ಮೇಲೆ ನನ್ನ ಮನಸ್ಸು ಅರ್ಧ ಅವನ ಕಡೆಗೇ ವಾಲಿತು. ಶನಿವಾರ ಹುಡುಗಿಗೆ ಬುದ್ಧಿ ಹೇಳಿ ಅವನ ಜೊತೆ ಕಳಿಸಿಬಿಡೋಣ ಎಂದುಕೊಂಡೇ ಮಲಗಿದೆ.

ಇವತ್ತು ನೀನು ಬುಧವಾರ ಬರೆದ ಕಾಗದ ಬಂತು. "ನಿನ್ನೆ ರಾತ್ರಿಯೂ ಹದಿನಾಲ್ಕಕ್ಕೆ ಹದಿನಾಲ್ಕು ಬಿಲ್ಲೆ ಅಜ್ಜಿ, ಒಂದು ಮೊಳೆಯೂ ಖಾಲಿ ಇಲ್ಲ. ತಾತ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ" ಎಂದು ಬರೆದಿದ್ದೀಯ. ನಿನ್ನೆ ರಾತ್ರಿ ಎಂದರೆ ಮಂಗಳವಾರ ರಾತ್ರಿ. ಆ ಎಂಟು ಗಂಟೆಗೆ ಒಂಬತ್ತನೇ ನಂಬರಿನವಳು ನನ್ನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು ಕದಿರಮ್ಮಾ. ಅವಳು ಓಡಿಹೋಗಿರುವುದೇ ನಿನಗೆ ಗೊತ್ತಿಲ್ಲ, ನೀನು ಅವನನ್ನು ಕಳಿಸುವುದೆಲ್ಲಿಂದ ಬಂತು? ಬೇಲಿಯೇ ಎದ್ದು ಹೊಲ ಮೇಯುತ್ತಿದೆ, ನೀನು ದಿನಾ ಬಂದು ಬೇಲಿಯನ್ನೇ ನೋಡಿ ನೆಮ್ಮದಿಯಾಗಿ ಹೋಗುತ್ತಿದ್ದೀಯ.

ಈಗ ತಾತನ ವಿಷಯ. ಗಣಿಯಲ್ಲಿ ಬಂಡೆ ಬಿದ್ದು ತಾತ ಮುನಿಸ್ವಾಮಪ್ಪ ತೀರಿಕೊಂಡರು ಎಂದಷ್ಟೇ ನಿನಗೆ ಗೊತ್ತು. ಐವತ್ತೇಳನೇ ಇಸವಿ. ನಿಮ್ಮಪ್ಪ ರಾಮಚಂದ್ರನಿಗೆ ಆಗ ಹದಿನೇಳು ತುಂಬಿತ್ತು, ಬಿಲ್ಲೆ ಮನೆಯ ಕಿಟಕಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಬಿಲ್ಲೆ ಕೆಳಗೆ ಕಳೆದುಹೋದರೆ ಬೈಗುಳ ತಿನ್ನಬೇಕು, ಮೇಲೆ ಬಂದರೆ ಕಿಟಕಿಯಲ್ಲಿ ಸಾಲು ನಿಲ್ಲಬೇಕು. ಅದಕ್ಕೆ ಮಗನಿದ್ದಾನಲ್ಲ ಎಂದು ತಾತ ಬಿಲ್ಲೆಯನ್ನು ಅವನ ಕೈಯಲ್ಲೇ ಬಿಟ್ಟು ಇಳಿಯುತ್ತಿದ್ದರು. ಮೇಲೆ ಬಂದಾಗ ಗುಂಪಿನಿಂದಲೇ ಕೈ ಎತ್ತುತ್ತಿದ್ದರು, ಇವನು ಮೊಳೆಗೆ ಹಾಕುತ್ತಿದ್ದ. ಅಪ್ಪ ಮಗನ ಮುದ್ದಿನ ಆಟ ಅದು. ಆ ದಿನ ಗುಂಪಿನಲ್ಲಿ ಯಾರೋ ಕೈ ಎತ್ತಿದರು. ಅಪ್ಪನೇ ಎಂದುಕೊಂಡು ಇವನು ಹಾಕಿದ. ಹಲಗೆ ತುಂಬಿತು. ಎಲ್ಲರೂ ಮೇಲಿದ್ದಾರೆ ಎಂದು ಬರೆದುಕೊಂಡರು. ಸಂಜೆಯಾದರೂ ಗಂಡ ಬರಲಿಲ್ಲ ಎಂದು ನಾನು ವಿಚಾರಿಸಲು ಹೋದರೆ, ಬಿಲ್ಲೆ ಇದೆಯಲ್ಲಮ್ಮ, ಹೆಂಡದಂಗಡಿ ಕಡೆ ನೋಡು ಎಂದು ನಕ್ಕರು. ನಾನೂ ಬೈದುಕೊಂಡೇ ಮನೆಗೆ ಬಂದೆ. ಬರಲಿ ಇವತ್ತು, ಗ್ರಹಚಾರ ಬಿಡಿಸುತ್ತೇನೆ ಎಂದು ಅನ್ನಕ್ಕೆ ನೀರು ಹಾಕಿಟ್ಟೆ.

ಮಾರನೇ ದಿನ ಬೆಳಗಿನ ಪಾಳಿಯಲ್ಲಿ ಇಳಿದ ಪೆರುಮಾಳ್, ತಾತನ ಜೊತೆಗಾರ, ಒಂದು ಪಕ್ಕದ ದಾರಿ ಬಂಡೆ ಬಿದ್ದು ಮುಚ್ಚಿರುವುದನ್ನು ಕಂಡ. ಅಗೆದು ತೆಗೆದಾಗ ಮೈ ಇನ್ನೂ ಬೆಚ್ಚಗಿತ್ತಂತೆ. ಪಕ್ಕದ ಗಾಳಿ ಪೈಪಿನ ಮೇಲೆ ಕಲ್ಲಿನಿಂದ ಬಡಿದು ಬಡಿದು ಬಣ್ಣ ಹೋಗಿತ್ತಂತೆ. ಅಷ್ಟು ಹೊತ್ತು ಬಡಿದಿದ್ದಾರೆ, ಕೇಳಲು ಯಾರೂ ಇಳಿಯಲಿಲ್ಲ. ಹಲಗೆ ತುಂಬಿದ ಮೇಲೆ ಯಾರು ಯಾಕೆ ಇಳಿಯುತ್ತಾರೆ? "ಅಕ್ಕಾ, ಪಯ್ಯನಿಗೆ ಯಾವತ್ತೂ ಒಂದು ಮಾತು ಅನ್ಬೇಡಿ" ಎಂದು ಪೆರುಮಾಳ್ ನನ್ನ ಕೈಹಿಡಿದುಕೊಂಡ. ನಾನು ಮಗನಿಗೆ ಏನೂ ಅನ್ನಲಿಲ್ಲ. ಅನ್ನದಿದ್ದರೂ ಅವನಿಗೆ ಗೊತ್ತು. ಅವತ್ತಿನಿಂದ ಅವನು ಮುಚ್ಚಿದ ಕೋಣೆಯಲ್ಲಿ ಮಲಗಿಲ್ಲ, ರೈಲು ಹತ್ತಿಲ್ಲ. ನಿನ್ನನ್ನು ಕಾಲೇಜಿಗೆ ಸೇರಿಸಲು ಬೆಂಗಳೂರಿಗೆ ನಾನು ಬಂದೆ, ಅಪ್ಪ ಬರಲಿಲ್ಲ ಎಂದು ನೀನು ಮುನಿಸಿಕೊಂಡೆ. ನಿನಗೆ ಯಾವತ್ತೂ ಹೇಳುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಇವತ್ತು ಮುರಿದಿದ್ದೇನೆ. ಅವನು ಪ್ರೀತಿಯಿಂದ ಮಾಡಿದ್ದು, ನಿನ್ನ ವೆಂಕಟೇಶಪ್ಪ ಬೇಕೆಂದೇ ಮಾಡುತ್ತಿರುವುದು. ಆದರೆ ಕತ್ತಲಲ್ಲಿ ಉಳಿದವರಿಗೆ ಎರಡೂ ಒಂದೇ ಅಲ್ಲವೇ ಮಗಳೇ.

ನೀನು ಮಾಡಬೇಕಾದ್ದು ಇಷ್ಟು. ಅವನ ಹತ್ತಿರ ಒಂದು ಮಾತೂ ಕೇಳಬೇಡ, ಮುಖದಲ್ಲೂ ತೋರಿಸಬೇಡ. ನಿಮ್ಮ ಸಂಘದ ದೊಡ್ಡವರನ್ನೂ ಪೊಲೀಸರನ್ನೂ ಕರೆದುಕೊಂಡು, ಅವನು ಎಣಿಸದ ಹೊತ್ತಿನಲ್ಲಿ ಹೋಗು. ಮಹಡಿ ಹತ್ತು. ಮಲಗಿದ್ದರೂ ಎಬ್ಬಿಸಿ, ಒಬ್ಬೊಬ್ಬಳ ಮುಖ ಹಿಡಿದು ಹೆಸರು ಕೂಗಿ ಎಣಿಸು. ಉಳಿದ ಹನ್ನೊಂದು ಮಕ್ಕಳನ್ನು ಅವತ್ತೇ ಅಲ್ಲಿಂದ ತೆಗೆ. ಎಲ್ಲಿಡುವುದು ಎಂದು ಯೋಚಿಸಬೇಡ, ಮನೆ ಸಿಗುವವರೆಗೂ ಇಲ್ಲಿಗೆ ಕರೆತಾ. ಮುದ್ದೆ ಸಾರಿಗೆ ಬರವಿಲ್ಲ. ಆ ನಾಲ್ಕನೇ, ಹನ್ನೊಂದನೇ ನಂಬರಿನ ಮಕ್ಕಳು ಎಲ್ಲೋ ಪೈಪು ಬಡಿಯುತ್ತಿದ್ದಾರೆ. ಅವರನ್ನು ಹುಡುಕಲು ಇನ್ನೂ ಯಾರೂ ಇಳಿದಿಲ್ಲ. ಮುತ್ಯಾಲಮ್ಮನನ್ನು ಬೇರೆ ಕಡೆ ಸೇರಿಸುತ್ತಿದ್ದೇನೆ. ಎಲ್ಲಿ ಎಂದು ಕಾಗದದಲ್ಲಿ ಬರೆಯುವುದಿಲ್ಲ.

ಮಲಗುವಾಗ ಎದೆಗೆ ಎಣ್ಣೆ ಹಚ್ಚಿಕೋ. ಕೆಮ್ಮನ್ನು ಉದಾಸೀನ ಮಾಡಬೇಡ. ಊರ ಮುನೇಶ್ವರ ನಿನ್ನ ಬೆನ್ನ ಹಿಂದೆ ಇರಲಿ, ನೀನು ಹೋದ ದಾರಿಯಲ್ಲೆಲ್ಲ ಬಾಗಿಲು ತೆರೆದಿರಲಿ.

ನಿನ್ನ ಅಜ್ಜಿ,
ಚಿಕ್ಕವೆಂಕಟಮ್ಮ

ಶನಿವಾರ ಬೆಳಿಗ್ಗೆ, ಅವಸರದಲ್ಲಿ: ನಿನ್ನೆ ಸಂಜೆ ಕಾಗದ ಮಡಚುವಾಗ ನಿಮ್ಮಪ್ಪ ಹಿಂದೆ ನಿಂತಿದ್ದ. ಕೈ ಚಾಚಿದ, ನಾನು ಕೊಟ್ಟೆ. ಮೊದಲಿಂದ ಕೊನೆಯವರೆಗೂ ಓದಿದ. ನನ್ನನ್ನು ಬೈಯಲಿಲ್ಲ. "ಆ ಎಲ್ಡು ಉಡುಗೀರ್ನ ಯಾರಾದ್ರೂ ಉಡುಕ್ತಾವ್ರೇನಮ್ಮ?" ಎಂದು ಅಷ್ಟೇ ಕೇಳಿದ. ಇಲ್ಲಪ್ಪ, ಅವರು ಇಲ್ಲವೆಂದೇ ಯಾರಿಗೂ ಗೊತ್ತಿಲ್ಲ ಎಂದೆ. ಕತ್ತಲಾಗುವ ಮೊದಲೇ ಮುತ್ಯಾಲಮ್ಮನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದ. ಎಲ್ಲಿ ಎಂದು ಬಾಯಿಮಾತಿನಲ್ಲಿ ಹೇಳುತ್ತಾನೆ. ಇವತ್ತು ಹಾಲು ಹಾಕಲು ಪಕ್ಕದ ಮನೆಯವರಿಗೆ ಹೇಳಿ, ಒಗೆದ ಅಂಗಿ ತೊಟ್ಟು, "ಕಾಗ್ದ ನಾನೇ ಓಯ್ತೀನಿ" ಎಂದು ಬಾಗಿಲಲ್ಲಿ ನಿಂತಿದ್ದಾನೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತುತ್ತಾನಂತೆ. ಮೂವತ್ತೊಂದು ವರ್ಷದ ಮೇಲೆ. ಅವನ ಕೈ ತಣ್ಣಗಿದ್ದರೆ ಕೇಳಬೇಡ, ಬಿಗಿಯಾಗಿ ಹಿಡಿದುಕೋ. ಪೊಲೀಸರ ಹತ್ತಿರಕ್ಕೆ ಅವನೂ ಬರುತ್ತಾನೆ.

ಸಂಜೆ ಆ ಮನುಷ್ಯ ಬಂದಾಗ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಇರಲಿ, ಮಾತಿನಲ್ಲಿ ಕೂರಿಸಿಕೊಳ್ಳುತ್ತೇನೆ. ಅವನು ಇಲ್ಲಿರುವಷ್ಟು ಹೊತ್ತು ಅಲ್ಲಿರುವುದಿಲ್ಲ, ಅದೇ ನಿನ್ನ ಸಮಯ.

ಇನ್ನೊಂದು. ನಿಮ್ಮಪ್ಪ ಈಗ ತಾನೇ ಪೆಟ್ಟಿಗೆಯ ತಳದಿಂದ ತಾತನ ಬಿಲ್ಲೆ ತೆಗೆದು ನನ್ನ ಕೈಗಿಟ್ಟ. 412. ಅದು ಅವನ ಹತ್ತಿರ ಇದೆ ಎಂದು ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ. "ನಾನು ಬಂದು ನಿನ್ ಮುಂದೆ ನಿಂತ್ಕೊಳ್ಳೋಗಂಟ ಇದ್ನ ಎಲ್ಲೂ ತಗಲಾಕ್ಬ್ಯಾಡಮ್ಮ" ಎಂದ. ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೇನೆ. ಬಸ್ಸು ಬಂತು.